ಗುಂಡನ ಗೂಡಿಗೆ ಹಾಸು: ಆಸ್ಪೆನ್ ಚೂರಿನಿಂದ ತೆಂಗಿನ ಸಿಪ್ಪೆಯವರೆಗೆ

ಕಳೆದ ವರ್ಷ ಮೇ 11ರ ಬೆಳಿಗ್ಗೆ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ನಮ್ಮ ಸಾಕು ಹಾವು ಗುಂಡನ ಪೊರೆ ಚೂರುಚೂರಾಗಿ ಬಿದ್ದಿತ್ತು. ಮಗಳು ಕುಳಿತು ಎಣಿಸಿದಳು: 17 ತುಂಡು. ಇನ್ನಷ್ಟು ಅವನ ಬೆನ್ನಿಗೇ ಅಂಟಿಕೊಂಡು, ಒಣ ಈರುಳ್ಳಿ ಸಿಪ್ಪೆಯ ಹಾಗೆ ಅಂಚು ಎದ್ದು ನಿಂತಿದ್ದವು. ಬಾಲದ ತುದಿಯಲ್ಲಿ ಪೊರೆಯ ಒಂದು ಉಂಗುರ ಬಿಗಿದಿತ್ತು. ಬಲಗಣ್ಣಿನ ಮೇಲೆ ಮಸುಕು ಪದರ ಹಾಗೆಯೇ ಉಳಿದಿತ್ತು. ಹಾವಿಗೆ ರೆಪ್ಪೆಯಿಲ್ಲ, ಅದರ ಕಣ್ಣನ್ನು ಕಾಯುವುದು ಪಾರದರ್ಶಕವಾದ ಒಂದು ಹುರುಪೆ. ಪೊರೆ ಬಿಡುವಾಗ ಅದೂ ಕಳಚಿ ಬರಬೇಕು. ಬರದಿದ್ದರೆ ಸಲದಿಂದ ಸಲಕ್ಕೆ ಪದರ ದಪ್ಪವಾಗುತ್ತಾ ಹೋಗುತ್ತದೆ. ಬಾಲದ ಉಂಗುರ ಒಣಗಿ ಬಿಗಿದರೆ ರಕ್ತದ ಓಡಾಟ ನಿಂತು ತುದಿಯೇ ಸತ್ತುಹೋಗಬಹುದು.

ಆ ಬೆಳಿಗ್ಗೆಯಿಂದ ನಾನು ಹಾಸಿನ ಬೆನ್ನು ಹತ್ತಿದೆ. ಹಾಸು ಎಂದರೆ ಗೂಡಿನ ನೆಲದ ಮೇಲೆ ಹರಡುವ ಚೂರು, ಪುಡಿ, ಕಾಗದ ಯಾವುದಾದರೂ. ಒಂದು ವರ್ಷದಲ್ಲಿ ನಾಲ್ಕು ಬಗೆಯ ಹಾಸು ಹಾಕಿ ನೋಡಿದೆ, ನಡುವೆ ಗೂಡನ್ನೇ ಬದಲಿಸಿದೆ. ಎಲ್ಲವನ್ನೂ ದಿನಾಂಕ ಸಹಿತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಗುಂಡ ನಮ್ಮ ಮನೆಯ ಬಾಲ್ ಪೈಥಾನ್, ಹೆಬ್ಬಾವಿನ ಒಂದು ಪುಟ್ಟ ಜಾತಿ. ಗಂಡು, ನಾಲ್ಕು ವರ್ಷ, ತೂಕ 1,150 ಗ್ರಾಂ. ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ. ಸಹೋದ್ಯೋಗಿಯೊಬ್ಬರು ದೇಶ ಬಿಟ್ಟು ಹೊರಟಾಗ ಅವನನ್ನು ಪೆಟ್ಟಿಗೆ ಸಮೇತ ನಮಗೆ ಒಪ್ಪಿಸಿದರು. ಹೆದರಿದಾಗ ತಲೆಯನ್ನು ನಡುವಿಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹಾವಿಗೆ ಆ ಹೆಸರು; ಅದೇ ಕಾರಣಕ್ಕೆ ಮಗಳು ಗುಂಡ ಎಂದು ಕರೆದಳು. ಇದರ ಮೂಲ ನೆಲೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ, ಸೆನೆಗಲ್‌ನಿಂದ ಉಗಾಂಡದವರೆಗೆ. ಅಲ್ಲಿ ಹಗಲೆಲ್ಲ ಇಲಿಬಿಲಗಳಲ್ಲಿ, ಹುತ್ತಗಳಲ್ಲಿ ಮಲಗಿದ್ದು ರಾತ್ರಿ ಹೊರಬರುತ್ತದೆ. ಹೊರಗೆ ಬಯಲು ಒಣಗಿದ್ದರೂ ಬಿಲದ ಒಳಗಿನ ಗಾಳಿ ತೇವವಾಗಿರುತ್ತದೆ. ಸಾಕಿದರೆ 20–30 ವರ್ಷ ಬದುಕುತ್ತದೆ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಮೊಟ್ಟೆಯಿಟ್ಟ ಒಂದು ಬಾಲ್ ಪೈಥಾನ್‌ಗೆ 60 ದಾಟಿತ್ತು. ಅಷ್ಟು ದೀರ್ಘ ಆಯುಷ್ಯದ ಪ್ರಾಣಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಹೊಟ್ಟೆಯನ್ನು ಊರಿಕೊಂಡಿರುವುದು ನಾವು ಹಾಕಿದ ಹಾಸಿನ ಮೇಲೆ.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೇರೆ ಹಾವು, ಮಣ್ಣುಮುಕ್ಕ, ನಾಗರ ಇತ್ಯಾದಿ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಜಾತಿಯನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಾಸಿನ ಪ್ರಶ್ನೆ ಅದರ ನಂತರದ್ದು.

ಮೇ 11ರಂದು ಮಾಡಿದ ಮೊದಲ ಕೆಲಸ ಅಂಟಿದ ಪೊರೆ ಬಿಡಿಸುವುದು. ಮುಚ್ಚಳವಿರುವ ಡಬ್ಬಿಯಲ್ಲಿ ಎರಡು ಬೆರಳು ಎತ್ತರಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಇಪ್ಪತ್ತು ನಿಮಿಷ ಬಿಟ್ಟೆ, ಪಕ್ಕದಲ್ಲೇ ಕುಳಿತಿದ್ದೆ. ಆಮೇಲೆ ಒದ್ದೆ ಟವೆಲ್ ಮಡಿಸಿ ಅದರ ನಡುವೆ ಅವನನ್ನು ಹರಿಯಲು ಬಿಟ್ಟೆ. ತನ್ನ ಬಲದಲ್ಲೇ ತಾನು ಉಜ್ಜಿಕೊಂಡು ಮುಂದೆ ಹೋದಂತೆ ಬೆನ್ನಿನ ಚೂರುಗಳು ಬಟ್ಟೆಗೆ ಅಂಟಿದವು. ಬಾಲದ ಉಂಗುರವೂ ಸಡಿಲವಾಗಿ ಜಾರಿತು. ಕಣ್ಣಿನ ಪದರಕ್ಕೆ ಕೈ ಹಾಕಲಿಲ್ಲ. ಅದನ್ನು ಉಗುರಿನಿಂದಲೋ ಚಿಮಟದಿಂದಲೋ ಕೀಳಲು ಹೋಗಿ ಕಣ್ಣನ್ನೇ ಕೆಡಿಸುವ ಅಪಾಯವಿದೆ. ಮುಂದಿನ ಪೊರೆಯವರೆಗೆ ತೇವಾಂಶ ಸರಿಯಾಗಿದ್ದರೆ ಅದರ ಜೊತೆಗೇ ಬರುತ್ತದೆ.

ಹಾಗಾದರೆ ತೇವಾಂಶ ಎಷ್ಟಿತ್ತು? ಪೆಟ್ಟಿಗೆಯ ಗೋಡೆಗೆ ಅಂಟಿಸಿದ್ದ ಮುಳ್ಳಿನ ಮಾಪಕ 50% ತೋರಿಸುತ್ತಿತ್ತು. ನನಗೆ ಅದರ ಮೇಲೆ ಅನುಮಾನ ಬಂತು. ಎರಡು ಡಿಜಿಟಲ್ ಮಾಪಕ ತಂದು ಮೊದಲು ಅವುಗಳನ್ನೇ ಪರೀಕ್ಷಿಸಿದೆ. ಬಾಟಲಿಯ ಬಿರಡೆಯಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಾಗುವಷ್ಟು ನೀರಿನ ಹನಿ ಬಿಟ್ಟು, ಮಾಪಕಗಳ ಜೊತೆ ಜಿಪ್ ಚೀಲದಲ್ಲಿಟ್ಟು ರಾತ್ರಿಯಿಡೀ ಮುಚ್ಚಿಟ್ಟೆ. ಒದ್ದೆ ಉಪ್ಪು ಮುಚ್ಚಿದ ಗಾಳಿಯ ತೇವಾಂಶವನ್ನು 75%ಕ್ಕೆ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಒಂದು 74, ಇನ್ನೊಂದು 77 ತೋರಿಸಿತು. ಸಾಕು. ಅವನ್ನು ಗುಂಡನ ಪೆಟ್ಟಿಗೆಯಲ್ಲಿಟ್ಟರೆ 21%! ಮುಳ್ಳು ಇನ್ನೂ 50ರಲ್ಲೇ ನಿಂತಿತ್ತು. ಬಾಲ್ ಪೈಥಾನ್‌ಗೆ ಬೇಕಾದದ್ದು 60%ರಿಂದ 70%, ಪೊರೆ ಬಿಡುವ ದಿನಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮೇ ತಿಂಗಳಲ್ಲಿ ಇಲ್ಲಿನ ಮರುಭೂಮಿಯ ಗಾಳಿಯಲ್ಲಿ ಮಧ್ಯಾಹ್ನದ ಹೊತ್ತು ತೇವಾಂಶ 10%ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಬಟ್ಟೆ ಒಗೆದು ಹೊರಗೆ ಹರವಿದರೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುತ್ತದೆ. ಅಂಥ ಊರಿನಲ್ಲಿ ಪೆಟ್ಟಿಗೆಯ ಮುಚ್ಚಳ ಪೂರ್ತಿ ತಂತಿಬಲೆಯದ್ದು, ಮೇಲೆ ದೀಪ, ಕೆಳಗೆ ಆಸ್ಪೆನ್ ಮರದ ಒಣ ಹೆರೆ. ಒಂದಕ್ಕಿಂತ ಒಂದು ಒಣಗಿಸುವಂಥದ್ದು.

ಆಸ್ಪೆನ್ ಕೆಟ್ಟ ಹಾಸು ಎಂದು ಹೇಳುತ್ತಿಲ್ಲ. ಮರದ ಹೆರೆಗಳಲ್ಲಿ ಹಾವಿಗೆ ನಿರಪಾಯವಾದದ್ದು ಅದು. ದೇವದಾರು ಜಾತಿಯ ಸೀಡರ್ ಹೆರೆ ಘಮಘಮಿಸುತ್ತದೆ. ಆ ಘಮವೇ ವಿಷ. ಅದರ ಎಣ್ಣೆಯ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿನ ಶ್ವಾಸಕೋಶವನ್ನು ಸುಡುತ್ತದೆ. ಸೀಡರ್ ಯಾವ ಹಾವಿಗೂ ಬೇಡ, ಯಾವ ಬೆಲೆಗೂ ಬೇಡ. ಹಸಿ ಪೈನ್ ಕೂಡ ನಾನು ತರುವುದಿಲ್ಲ. ಆಸ್ಪೆನ್‌ಗೆ ಆ ಎಣ್ಣೆಗಳಿಲ್ಲ. ಪಕ್ಕದ ಬೀದಿಯ ಹುಡುಗನೊಬ್ಬ ಕಾರ್ನ್ ಸ್ನೇಕ್ ಸಾಕಿದ್ದಾನೆ. ಅವನ ಪೆಟ್ಟಿಗೆಯಲ್ಲಿ ಅರ್ಧ ಅಡಿ ಆಸ್ಪೆನ್ ಇದೆ. ಹಾವು ಅದರೊಳಗೆ ಸುರಂಗ ಕೊರೆದರೆ ಸುರಂಗ ಕುಸಿಯದೆ ನಿಲ್ಲುತ್ತದೆ, ನೋಡಲು ಬಲು ಚೆಂದ. ಕಾರ್ನ್ ಸ್ನೇಕ್‌ಗೆ ಗುಂಡನಷ್ಟು ತೇವ ಬೇಡ. ಹಾವು ಯಾವುದು, ಊರು ಯಾವುದು ಎಂದು ಕೇಳದೆ ಹಾಸು ಹೇಳುವವರ ಮಾತು ಕೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಆಗ ಮಾಡಿದ ತಪ್ಪು ಆಸ್ಪೆನ್‌ಗೇ ನೀರು ಚಿಮುಕಿಸಿದ್ದು. ದಿನಕ್ಕೆ ಎರಡು ಸಲ ಸ್ಪ್ರೇ ಬಾಟಲಿ ಹಿಡಿದು ಮೇಲೆ ಒದ್ದೆ ಮಾಡಿದೆ. ಮಾಪಕ ಒಂದು ಗಂಟೆ 45 ತೋರಿಸಿ ಮತ್ತೆ 22ಕ್ಕೆ ಬೀಳುತ್ತಿತ್ತು. ಜೂನ್ 2ರಂದು ನೀರಿನ ಬಟ್ಟಲು ಎತ್ತಿದಾಗ ಅಡಿಯಲ್ಲಿ ಹಸಿರು-ಬೂದು ಬೂಷ್ಟು ಹಬ್ಬಿತ್ತು, ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಎಲ್ಲವನ್ನೂ ಅಂದೇ ಹೊರಗೆಸೆದೆ. ಆಸ್ಪೆನ್ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವ ಮರವಲ್ಲ. ಒದ್ದೆಯಾದರೆ ಕೊಳೆಯುತ್ತದೆ, ಅಷ್ಟೇ.

ತಂತಿಬಲೆಯ ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದೆ. ಅದೊಂದರಿಂದಲೇ 21 ಇದ್ದದ್ದು 36ಕ್ಕೆ ಏರಿತು. ದುಡ್ಡಿಲ್ಲದೆ ಆಗುವ ಕೆಲಸಗಳಲ್ಲಿ ಇದೇ ಮೊದಲನೆಯದು.

ಜೂನ್ 8ರಂದು ನುಣ್ಣನೆಯ ತೆಂಗಿನ ನಾರಿನ ಪುಡಿ ಹಾಕಿದೆ, ನರ್ಸರಿಯವರು ಕೊಕೊಪೀಟ್ ಎನ್ನುವುದು ಅದನ್ನೇ. ನೀರು ಹಿಡಿಯುವ ಗುಣ ಚೆನ್ನಾಗಿದೆ. ಆದರೆ ಈ ಊರಿನಲ್ಲಿ ಮೇಲ್ಪದರ ಅರ್ಧ ದಿನದಲ್ಲಿ ಒಣಗಿ ಕಂದು ಧೂಳಾಗುತ್ತಿತ್ತು. ಬಾಲ್ ಪೈಥಾನ್‌ನ ಮೇಲ್ದುಟಿಯ ಉದ್ದಕ್ಕೂ ಬಿಸಿಯನ್ನು ಗ್ರಹಿಸುವ ಪುಟ್ಟ ಕುಳಿಗಳಿವೆ. ಆ ಕುಳಿಗಳಲ್ಲೆಲ್ಲ ಪುಡಿ ತುಂಬಿಕೊಂಡಿತು. ಧೂಳಾಗಬಾರದೆಂದು ನಾನು ಮತ್ತೆ ಮೇಲಿನಿಂದ ನೀರು ಹೊಡೆದೆ. ಈಗ ಮೇಲ್ಪದರ ಕೆಸರು, ಅಡಿ ಒಣ. ತೇವ ಬೇಕು ಎಂಬುದು ಗೊತ್ತಾಗಿತ್ತು, ತೇವ ಎಲ್ಲಿರಬೇಕು ಎಂಬುದು ಗೊತ್ತಾಗಿರಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಕಂಡೆ, ಅದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಪೆಟ್ಟಿಗೆಯ ಅಡಿಗೆ ಹೊರಗಿನಿಂದ ಅಂಟಿಸಿದ ಬಿಸಿ ಚಾಪೆ ಇತ್ತು, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ಗೆ ಜೋಡಿಸಿದ್ದೆ. ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ತಂತಿಯ ತುದಿಯನ್ನು ಹಾಸಿನ ಮೇಲಿಟ್ಟಿದ್ದೆ. ಹಾಸು ತೆಳುವಾಗಿದ್ದಾಗ ಅದು ನಡೆಯಿತು. ಐದು ಸೆಂಟಿಮೀಟರ್ ಪುಡಿ ಹಾಕಿದ ಮೇಲೆ ಅದು ಕಂಬಳಿಯಂತೆ ಬಿಸಿಯನ್ನು ತಡೆಯಿತು. ಮೇಲೆ ತಂಪಿದೆ ಎಂದು ಥರ್ಮೋಸ್ಟಾಟ್ ಚಾಪೆಯನ್ನು ಪೂರ್ತಿ ಬಲದಲ್ಲಿ ಉರಿಸುತ್ತಲೇ ಇತ್ತು. ಜೂನ್ 20ರಂದು ಹಾಸನ್ನು ಸರಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಗಾಜಿನ ಮೇಲೆ 48 ಡಿಗ್ರಿ ಸೆಲ್ಸಿಯಸ್. ಹಾವು ಅಡಗಲು ಅಗೆಯುತ್ತಾ ಕೆಳಗೇ ಹೋಗುವ ಪ್ರಾಣಿ. ಅಡಿಯಿಂದ ಸುಟ್ಟರೂ ಬೇಗ ಎದ್ದು ಬರುವುದಿಲ್ಲ, ಹೊಟ್ಟೆ ಬೆಂದ ಹಾವುಗಳ ಚಿತ್ರಗಳನ್ನು ನಾನು ನೋಡಿದ್ದೇನೆ. ಆ ಕ್ಷಣವೇ ಚಾಪೆಯ ಪ್ಲಗ್ ಕಿತ್ತೆ. ದಪ್ಪ ಹಾಸು ಹಾಕುವುದಾದರೆ ಬಿಸಿ ಮೇಲಿನಿಂದ ಬರಬೇಕು. ಚಾಪೆಯನ್ನೇ ಬಳಸುವವರು ಹಾಸನ್ನು ತೆಳುವಾಗಿಟ್ಟು, ಥರ್ಮೋಸ್ಟಾಟ್‌ನ ತುದಿಯನ್ನು ಚಾಪೆಗೂ ಗಾಜಿಗೂ ನಡುವೆ ಇಡಬೇಕು.

ಜುಲೈ 14ರಂದು ಗುಂಡನನ್ನು ಎತ್ತಿ ಹೊಟ್ಟೆ ನೋಡಿದೆ. ಹೊಟ್ಟೆಯ ಅಗಲ ಹುರುಪೆಗಳು ದಂತದ ಬಣ್ಣದವು. ನಡುಭಾಗದಲ್ಲಿ ಆರೇಳು ಹುರುಪೆಗಳ ಅಂಚು ನಸುಗೆಂಪಾಗಿತ್ತು, ಒಂದರ ಕೆಳಗೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆ. ಒದ್ದೆ ಹಾಸಿನ ಮೇಲೆ ಸದಾ ಮಲಗಿದರೆ ಚರ್ಮಕ್ಕೆ ಬ್ಯಾಕ್ಟೀರಿಯಾ ಹತ್ತಿ ಹುರುಪೆ ಕೊಳೆಯುವ ಕಾಯಿಲೆಯ ಆರಂಭ ಅದು. ಮೇ ತಿಂಗಳಲ್ಲಿ ಒಣಗಿಸಿ ನೋಯಿಸಿದ್ದೆ, ಜುಲೈನಲ್ಲಿ ಒದ್ದೆ ಮಾಡಿ ನೋಯಿಸಿದೆ. ಮಾತಾಡಲಾರದ ಪ್ರಾಣಿಗೆ ಹೀಗೆ ಮಾಡಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಸರೀಸೃಪಗಳನ್ನು ನೋಡುವ ಪಶುವೈದ್ಯೆಯ ಬಳಿ ಮರುದಿನವೇ ಕರೆದೊಯ್ದೆವು. ಅವರು ಹೊಟ್ಟೆಯ ಪ್ರತಿ ಹುರುಪೆಯ ಮೇಲೆ ಬೆರಳು ಜಾರಿಸಿ ನೋಡಿದರು, ಬಾಯಿ ಬಿಡಿಸಿ ಉಸಿರಾಟ ನೋಡಿದರು. ಬೇಗ ಬಂದಿರಿ, ಇದು ವಾಸಿಯಾಗುತ್ತದೆ ಎಂದರು. ಮುಲಾಮು ಕೊಟ್ಟರು, ಐದು ವಾರ ಬರೀ ಪೇಪರ್ ಟವೆಲ್ ಮೇಲಿಡಿ ಎಂದರು.

ಆ ಐದು ವಾರಗಳಲ್ಲಿ ಕಾಗದದ ಬೆಲೆ ತಿಳಿಯಿತು. ಬಿಳಿ ಕಾಗದದ ಮೇಲೆ ಏನೂ ಮುಚ್ಚಿಟ್ಟುಕೊಳ್ಳುವುದಿಲ್ಲ. ಮಲ ಗಟ್ಟಿಯೋ ನೀರೋ, ಮೂತ್ರದ ಬಿಳಿ ಗಟ್ಟಿ ಸರಿಯಾಗಿದೆಯೋ, ಹುಳಗಳಿವೆಯೋ ಎಲ್ಲ ಕಾಣುತ್ತದೆ. ಹಾವಿನ ರಕ್ತ ಹೀರುವ ಉಣ್ಣೆಯಂಥ ಕಿರುಹುಳಗಳಿದ್ದರೆ ಗಸಗಸೆಯಷ್ಟು ಕಪ್ಪು ಚುಕ್ಕೆಗಳಾಗಿ ಓಡಾಡುವುದು ಕಾಣುತ್ತದೆ. ಹೊಸ ಹಾವು ಮನೆಗೆ ಬಂದರೆ ಮೊದಲ ಕೆಲವು ವಾರ ಕಾಗದವೇ ಸರಿ. ಅವನು ಮಾರ್ಚ್‌ನಲ್ಲಿ ಬಂದಾಗಲೇ ನಾನು ಹಾಗೆ ಮಾಡಬೇಕಿತ್ತು. ಕಾಗದ ತೇವ ಹಿಡಿಯದ ಕಾರಣ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಬದಿಯಲ್ಲಿ ತೂತು ಕೊರೆದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಒಳಗೆ ಒದ್ದೆ ಸ್ಫ್ಯಾಗ್ನಮ್ ಪಾಚಿ ತುಂಬಿ ಒಂದು ತೇವದ ಗುಹೆ ಮಾಡಿಕೊಟ್ಟೆ. ಪೊರೆ ಬಿಡುವ ಮುನ್ನ ಕಣ್ಣು ಹಾಲುನೀಲಿಯಾದ ದಿನಗಳಲ್ಲಿ ಅವನು ಅದರೊಳಗೇ ಇದ್ದ. ಜುಲೈ ಕೊನೆಯಲ್ಲಿ ಪೊರೆ ಎರಡೇ ತುಂಡಾಗಿ ಬಂತು. ಬಲಗಣ್ಣಿನ ಹಳೆಯ ಪದರ ಹೊಸದರ ಜೊತೆಗೇ ಕಳಚಿತ್ತು. ಮಗಳು ಭೂತಗನ್ನಡಿ ಹಿಡಿದು ಎರಡೂ ಕಣ್ಣಿನ ಬಿಲ್ಲೆಗಳನ್ನು ತೋರಿಸಿದಳು.

ಕಾಯುವ ಆ ವಾರಗಳಲ್ಲಿ ಒಂದು ಭಾನುವಾರ ಅಮ್ಮ ವಿಡಿಯೊ ಕರೆಯಲ್ಲಿದ್ದರು. ನಮ್ಮದು ತಿಪಟೂರಿನ ಕಡೆಯ ಹಳ್ಳಿ. ಅವರ ಹಿಂದೆ ಹಿತ್ತಿಲಲ್ಲಿ ಸುಲಿದ ತೆಂಗಿನಕಾಯಿ ಸಿಪ್ಪೆಯ ರಾಶಿ ಕಾಣುತ್ತಿತ್ತು. ಬಚ್ಚಲ ಒಲೆಗೆಂದು ಕೂಡಿಟ್ಟದ್ದು. ನನಗೆ ಮಾತು ನಿಂತಿತು. ಚಿಕ್ಕಂದಿನಲ್ಲಿ ಹಂಡೆಗೆ ಉರಿ ಹಾಕಲು ಆ ರಾಶಿಯಿಂದ ಸಿಪ್ಪೆ ತರುವ ಕೆಲಸ ನನ್ನದು. ಮೇಲಿನ ಸಿಪ್ಪೆ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿ ಒಣಗಿರುತ್ತಿತ್ತು. ಎರಡು ಪದರ ಎತ್ತಿದರೆ ಕೆಳಗೆ ತಂಪು. ಕಳೆದ ಮಳೆಯ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಂಡ ಕಪ್ಪು ಸಿಪ್ಪೆ, ಮಣ್ಣಿನ ವಾಸನೆ, ಆದರೆ ಕೈಗೆ ನೀರು ಅಂಟುತ್ತಿರಲಿಲ್ಲ. “ಕೋಲಿನಲ್ಲಿ ಬಡಿದು ಸದ್ದು ಮಾಡದೆ ಕೈ ಹಾಕಬೇಡ” ಎಂದು ಅಜ್ಜಿ ದಿನವೂ ಎಚ್ಚರಿಸುತ್ತಿದ್ದರು. ಕೇರೆ ಹಾವುಗಳು ಅಲ್ಲಿರುತ್ತಿದ್ದವು. ಒಮ್ಮೆ ರಾಶಿಯ ಬದಿಯಲ್ಲಿ ನನ್ನ ಉದ್ದಕ್ಕಿಂತ ಉದ್ದದ ಪೊರೆ ಇಡಿಯಾಗಿ ಸಿಕ್ಕಿತ್ತು, ಮೂಗಿನಿಂದ ಬಾಲದ ತುದಿಯವರೆಗೆ ಒಂದೂ ಹರುಕಿಲ್ಲದೆ.

ಮೇಲೆ ಒಣ, ಒಳಗೆ ತಂಪು. ನಾನು ಮೂರು ತಿಂಗಳು ತಲೆಕೆಳಗಾಗಿ ಮಾಡುತ್ತಿದ್ದ ಕೆಲಸ ಅದು.

ಆಗಸ್ಟ್‌ನಲ್ಲಿ ಹೊಸ ಗೂಡಿನ ಬಿಡಿಭಾಗಗಳು ಬಂದವು. ಪಿವಿಸಿ ಹಲಗೆಯದು, 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ. ಮುಂದೆ ಸರಿಯುವ ಗಾಜಿನ ಬಾಗಿಲು, ಮೇಲೆ ಮುಚ್ಚಿದ ಚಾವಣಿ, ಬದಿಗಳಲ್ಲಿ ಸಣ್ಣ ಗಾಳಿಕಿಂಡಿ. ಮರದ ಹಲಗೆಗೆ ನಾನು ಹೋಗಲಿಲ್ಲ. ತೇವದ ಹಾಸಿನಡಿ ಪ್ಲೈವುಡ್ ಉಬ್ಬುತ್ತದೆ. ಜೋಡಿಸುವುದು ಒಂದು ಸಂಜೆಯ ಕೆಲಸ, ಅದರ ಬಗ್ಗೆ ಹೇಳುವುದೇನೂ ಇಲ್ಲ. ಹೇಳಬೇಕಾದದ್ದು ಸಂದುಗಳ ಬಗ್ಗೆ. ಅಡಿಯ ಹಲಗೆ ಗೋಡೆಗೆ ಸೇರುವ ಕಡೆಯಲ್ಲೆಲ್ಲ ನೀರು ಇಳಿಯುತ್ತದೆ, ಹಾಗಾಗಿ ಸಿಲಿಕೋನ್ ತುಂಬಲೇಬೇಕು. ಸಿಲಿಕೋನ್ ಕೊಳ್ಳುವಾಗ ಕೊಳವೆಯ ಮೇಲಿನ ಬರಹ ಓದಿ: ನೂರಕ್ಕೆ ನೂರು ಸಿಲಿಕೋನ್ ಇರಬೇಕು, ಸ್ನಾನದ ಮನೆಗೆಂದು ಮಾಡಿದ, ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ್ದು ಬೇಡ.

ಆಗಸ್ಟ್ 23ರಂದು ತುಂಬಿದೆ. ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಸಿಲಿಕೋನ್ ಎಳೆದು, ಒದ್ದೆ ಬೆರಳಿನಿಂದ ಒಂದೇ ಉಸಿರಿನಲ್ಲಿ ತೀಡಿ, ಅದು ಹಸಿಯಾಗಿರುವಾಗಲೇ ಟೇಪ್ ಕಿತ್ತರೆ ಗೆರೆ ಎಳೆದಂತೆ ನೇರವಾಗಿ ಕೂರುತ್ತದೆ. ಗಟ್ಟಿಯಾಗುತ್ತಾ ವಿನಿಗರ್‌ನ ಹುಳಿ ವಾಸನೆ ಬಿಡುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ ಹಾವನ್ನು ಬಿಡಬಾರದು. ಒಂದು ವಾರ ಬಾಗಿಲು ತೆರೆದಿಟ್ಟೆ. ಆಗಸ್ಟ್ 31ರಂದು ಅಡಿಗೆ ಹಳೆಯ ಪತ್ರಿಕೆ ಹಾಸಿ ಗೂಡಿನೊಳಗೆ ಎರಡು ಲೀಟರ್ ನೀರು ಸುರಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಿಂಬದಿಯ ಎಡ ಮೂಲೆಯ ಪತ್ರಿಕೆ ನಿಧಾನವಾಗಿ ಕಪ್ಪಾಯಿತು. ಆ ಮೂಲೆಯಲ್ಲಿ ಹಲಗೆ ಕೊರೆದ ಧೂಳು ಉಳಿದಿತ್ತು, ಸಿಲಿಕೋನ್ ಹಲಗೆಗೆ ಹಿಡಿಯುವ ಬದಲು ಧೂಳಿಗೆ ಹಿಡಿದಿತ್ತು. ಬ್ಲೇಡಿನಿಂದ ಒಂದು ಗೇಣು ಉದ್ದ ಕತ್ತರಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ತುಂಬಿ, ಮತ್ತೊಂದು ವಾರ ಕಾದೆ. ಎರಡನೆಯ ಸಲ ರಾತ್ರಿಯಿಡೀ ನೀರು ನಿಂತರೂ ಪತ್ರಿಕೆ ಒಣಗಿಯೇ ಇತ್ತು. ಈ ನೀರಿನ ಪರೀಕ್ಷೆಯನ್ನು ಯಾರೂ ಬಿಡಬೇಡಿ. ಹಾಸು ತುಂಬಿದ ಮೇಲೆ ಸೋರಿದರೆ ಮರದ ನೆಲ ಹಾಳಾದ ಮೇಲಷ್ಟೇ ಗೊತ್ತಾಗುತ್ತದೆ.

ಬಾಗಿಲಿನ ಹೊಸ್ತಿಲು ಏಳೂವರೆ ಸೆಂಟಿಮೀಟರ್ ಎತ್ತರವಿತ್ತು. ನನಗೆ ಬೇಕಾದ ಹಾಸಿನ ದಪ್ಪ ಒಂಬತ್ತು. ಹನ್ನೆರಡು ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ಪಟ್ಟಿಯನ್ನು ಹೊಸ್ತಿಲ ಒಳಗೋಡೆಗೆ ಅಂಟಿಸಿ ಅಂಚುಕಟ್ಟೆ ಮಾಡಿದೆ. ಇಲ್ಲದಿದ್ದರೆ ಚೂರುಗಳು ಬಾಗಿಲಿನ ಹಳಿಗೆ ಬಿದ್ದು ಗಾಜು ಸರಿಯುವುದಿಲ್ಲ. ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ಉಳಿದರೆ ಹಾವಿಗೆ ಅಷ್ಟೇ ಸಾಕು.

ಇನ್ನು ಹಾಸು. ಲೆಕ್ಕ ಸುಲಭ: 120 × 60 × 9 ಸೆಂಟಿಮೀಟರ್ ಎಂದರೆ ಸುಮಾರು 65 ಲೀಟರ್. ತೆಂಗಿನ ಸಿಪ್ಪೆಯನ್ನು ಬೆರಳ ತುದಿಯಷ್ಟು ಚೌಕ ಚೂರುಗಳಾಗಿ ಕತ್ತರಿಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿ ಮಾರುತ್ತಾರೆ. ನಾಲ್ಕೂವರೆ ಕೆ.ಜಿ.ಯ ಇಟ್ಟಿಗೆ ನೀರು ಕುಡಿದು ಅರಳಿದರೆ ಸುಮಾರು 70 ಲೀಟರ್ ಆಗುತ್ತದೆ. ಪೊಟ್ಟಣದ ಮೇಲೆ ‘ಭಾರತದ ಉತ್ಪನ್ನ’ ಎಂದಿತ್ತು. ಅದನ್ನು ಅಮ್ಮನಿಗೆ ಕ್ಯಾಮೆರಾದಲ್ಲಿ ತೋರಿಸಿದೆ.

“ಇದು ನಮ್ಮ ಸಿಪ್ಪೆಯಲ್ಲವೇನೋ?” ಎಂದರು.

“ಹೌದಮ್ಮ, ಅದೇ.”

“ದುಡ್ಡು ಕೊಟ್ಟು ತಂದೆಯಾ?” ಎಂದು ಸ್ವಲ್ಪ ಹೊತ್ತು ನೋಡಿ, “ಉಪ್ಪಿರುತ್ತದೆ, ಚೆನ್ನಾಗಿ ತೊಳೆದು ಹಾಕು” ಎಂದರು.

ಅವರ ಮಾತು ಸರಿ. ಸಿಪ್ಪೆಯನ್ನು ಕರಾವಳಿಯ ಉಪ್ಪುನೀರಿನಲ್ಲಿ ನೆನೆಹಾಕುವುದುಂಟು. ಆ ಉಪ್ಪು ಇಟ್ಟಿಗೆಯಲ್ಲಿ ಉಳಿದಿರಬಹುದು. ದೊಡ್ಡ ಟಬ್‌ನಲ್ಲಿಟ್ಟು ಬೆಚ್ಚಗಿನ ನೀರು ಸುರಿದೆ. ಇಟ್ಟಿಗೆ ಬಿರಿದು, ಅಂಚಿನಿಂದ ಉದುರುತ್ತಾ, ಅರ್ಧ ಗಂಟೆಯಲ್ಲಿ ಟಬ್ ತುಂಬ ಉಬ್ಬಿತು. ಮನೆಯ ತುಂಬ ಮಳೆ ಬಿದ್ದ ಹಿತ್ತಿಲಿನ ವಾಸನೆ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಚೆಲ್ಲಿದೆ. ಎರಡನೆಯದು ಚಹಾ ಬಣ್ಣ, ಮೂರನೆಯದು ತಿಳಿ. ಹಳೆಯ ಪಂಚೆಯಲ್ಲಿ ಸ್ವಲ್ಪಸ್ವಲ್ಪವೇ ಕಟ್ಟಿ, ನಾನೊಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಹಿಂಡಿದೆವು.

ಹದ ಹೇಗಿರಬೇಕು ಎಂದು ಕೇಳಿದರೆ ಗಟ್ಟಿ ಅವಲಕ್ಕಿಯನ್ನು ಒಗ್ಗರಣೆಗೆ ನೆನೆಸಿ ತೆಗೆಯುತ್ತೇವಲ್ಲ, ಹಾಗೆ. ಮುಷ್ಟಿಯಲ್ಲಿ ಬಲವಾಗಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ತಂಪಾಗಬೇಕು, ಬಿಟ್ಟರೆ ಬಿಡಿಬಿಡಿಯಾಗಿ ಉದುರಬೇಕು. ಹನಿ ಬಿದ್ದರೆ ಬಿಸಿಲಲ್ಲಿ ಒಂದು ಗಂಟೆ ಹರವಿ. ಧೂಳೆದ್ದರೆ ಒಂದು ಲೋಟ ನೀರು.

ಸಿಪ್ಪೆಯ ಚೂರಿನ ಗುಣ ನನಗೆ ಅರ್ಥವಾದದ್ದು ಕೈಯಲ್ಲಿ ಹಿಡಿದಾಗ. ಒಂದೊಂದು ಚೂರೂ ಸ್ಪಂಜಿನಂತೆ ಒಳಗೆ ನೀರು ಹಿಡಿಯುತ್ತದೆ, ಹೊರಮೈ ಒಣಗಿರುತ್ತದೆ. ಚೂರು ಚೂರಿನ ನಡುವೆ ಸಂದಿರುವುದರಿಂದ ಗಾಳಿಯಾಡುತ್ತದೆ. ನುಣ್ಣನೆಯ ಪುಡಿ ಒತ್ತಿಕೊಂಡು ಕೆಸರಾಗುವುದು ಆ ಸಂದಿಲ್ಲದ್ದರಿಂದ. ಅಡಿಗೆ ಮೂರು ಪಾಲು ಚೂರು, ಒಂದು ಪಾಲು ಪುಡಿ ಬೆರೆಸಿ ಏಳು ಸೆಂಟಿಮೀಟರ್ ಹಾಕಿದೆ. ಮೇಲೆ ಎರಡು ಸೆಂಟಿಮೀಟರ್ ಒಣ ಚೂರು. ಗೂಡಿನ ತಂಪು ಬದಿಯ ಮೂಲೆಯಲ್ಲಿ ಎರಡು ಮುಷ್ಟಿ ಸ್ಫ್ಯಾಗ್ನಮ್ ಪಾಚಿ. ಔಷಧಿ ಹೊಡೆಯದ ಓಕ್ ಮರದ ಒಣ ಎಲೆಗಳನ್ನು ಕುದಿಸಿ ಒಣಗಿಸಿ ಮೇಲೆ ಚೆಲ್ಲಿದೆ. ಅವನು ಹರಿದಾಡುವಾಗ ಚರಚರ ಸದ್ದು ಕೇಳಲಿ ಎಂದು ಮಗಳ ಆಸೆ. ಬಿಸಿಗೆ ಚಾವಣಿಯಿಂದ 80 ವಾಟ್‌ನ, ಬೆಳಕಿಲ್ಲದೆ ಬಿಸಿ ಕೊಡುವ ದೀಪ, ಸುತ್ತ ತಂತಿಪಂಜರ, ಥರ್ಮೋಸ್ಟಾಟ್. ಬಿಸಿ ಬದಿಯಲ್ಲಿ ನೆಲದ ಮೇಲೆ 32 ಡಿಗ್ರಿ, ತಂಪು ಬದಿಯಲ್ಲಿ 26.

ನೀರು ಕೊಡುವ ಬಗೆ ಪೂರ್ತಿ ಬದಲಾಯಿತು. ಸ್ಪ್ರೇ ಬಾಟಲಿ ಕಪಾಟಿಗೆ ಹೋಯಿತು. ಹತ್ತು ದಿನಕ್ಕೊಮ್ಮೆ ಉದ್ದ ಮೂತಿಯ ಹೂಜಿಯಿಂದ ನಾಲ್ಕು ಮೂಲೆಗಳಲ್ಲಿ ಗೋಡೆಯ ಅಂಚಿಗೆ ಒಟ್ಟು ಒಂದೂವರೆ ಲೀಟರ್ ಸುರಿಯುತ್ತೇನೆ. ನೀರು ಗೋಡೆಗುಂಟ ಅಡಿಗೆ ಇಳಿದು ಅಡ್ಡಡ್ಡ ಹರಡುತ್ತದೆ, ಮೇಲಿನ ಬಿಸಿಗೆ ಆವಿಯಾಗಿ ನಿಧಾನಕ್ಕೆ ಏಳುತ್ತದೆ. ಹೊಟ್ಟೆ ಊರುವ ಮೇಲ್ಪದರ ಒಣಗಿಯೇ ಇರುತ್ತದೆ.

ಸೆಪ್ಟೆಂಬರ್ 27ರಂದು ಗುಂಡನನ್ನು ಬಿಟ್ಟೆವು. ಮೊದಲು ನಾಲಿಗೆ ಚಾಚುತ್ತಾ ಗೋಡೆಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಮೂಗನ್ನು ಚೂರುಗಳಿಗೆ ಒತ್ತಿ, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ, ತಲೆ ಮುಳುಗುವಷ್ಟು ಅಗೆದ. ಆರು ತಿಂಗಳಲ್ಲಿ ಅವನು ಅಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದರೆ ಎಲೆಗಳ ನಡುವೆ ಎರಡು ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿದ್ದವು.

ಒಂದು ವಾರಕ್ಕೆ ಹಾಸು ಕುಸಿದು ಏಳು ಸೆಂಟಿಮೀಟರ್ ಆಯಿತು, ಇನ್ನರ್ಧ ಇಟ್ಟಿಗೆ ಸೇರಿಸಿದೆ. ಅಕ್ಟೋಬರ್ 12ರಂದು ಪಾಚಿಯ ಪಕ್ಕ ಬಿಳಿ ನೂಲಿನಂಥ ಶಿಲೀಂಧ್ರ ಹಬ್ಬಿತು. ಹೊಸ ತೇವದ ಹಾಸಿನಲ್ಲಿ ಇದು ಬರುವಂಥದ್ದು. ಕಂಡಷ್ಟನ್ನು ಚಮಚದಿಂದ ತೆಗೆದು, ಸ್ಪ್ರಿಂಗ್‌ಟೇಲ್ ಎಂಬ ಬಿಳಿ ಕಿರುಹುಳಗಳ ಒಂದು ಡಬ್ಬಿ ಸುರಿದೆ. ಅವು ಬೂಷ್ಟನ್ನೇ ತಿಂದು ಬದುಕುವ ಜೀವಿಗಳು, ಹಾವಿಗೆ ತೊಂದರೆಯಿಲ್ಲ. ಮೂರು ವಾರದಲ್ಲಿ ನೂಲು ಮಾಯವಾಯಿತು. ಮಲವನ್ನು ಮಾತ್ರ ಕಂಡ ಕೂಡಲೇ ಸುತ್ತಲಿನ ಒಂದು ಹಿಡಿ ಚೂರಿನ ಸಮೇತ ನಾನೇ ತೆಗೆಯುತ್ತೇನೆ. ಊಟ ಕೊಡುವಾಗ ನೆಲದ ಮೇಲೆ ಚಪ್ಪಟೆ ಕಲ್ಲಿಟ್ಟು ಇಕ್ಕಳದಲ್ಲಿ ಕೊಡುತ್ತೇನೆ, ಒದ್ದೆ ಇಲಿಗೆ ಚೂರು ಅಂಟಿ ಹೊಟ್ಟೆಗೆ ಹೋಗಬಾರದು.

ನವೆಂಬರ್ 2. ಬೆಳಿಗ್ಗೆ ಎಲೆಗಳ ಮೇಲೆ ಪೊರೆ ಬಿದ್ದಿತ್ತು, ಕಾಲುಚೀಲವನ್ನು ಕಳಚಿ ಎಸೆದಂತೆ ಒಳಗು ಹೊರಗಾಗಿ, ಇಡಿಯಾಗಿ. ಇನ್ನೂ ತೇವವಾಗಿ ಮೆತ್ತಗಿತ್ತು. ಎರಡೂ ಕಣ್ಣಿನ ಬಿಲ್ಲೆಗಳಿದ್ದವು, ಬಾಲದ ತುದಿಯ ಮುಳ್ಳಿನಂಥ ಚೂಪೂ ಇತ್ತು. ಮಗಳು ಅದನ್ನು ಊಟದ ಮೇಜಿನ ಮೇಲೆ ಹರಡಿ ಅಳೆದಳು: 128 ಸೆಂಟಿಮೀಟರ್. ಪೊರೆ ಹಿಗ್ಗುವುದರಿಂದ ಹಾವು ಅದಕ್ಕಿಂತ ಗಿಡ್ಡ ಎಂದು ಹೇಳಿದರೂ ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದಳು. ಅಮ್ಮನಿಗೆ ಚಿತ್ರ ಕಳಿಸಿದೆ. “ಅಜ್ಜಿಯ ಪೆಟ್ಟಿಗೆಯಲ್ಲಿ ನೀನು ತಂದಿಟ್ಟದ್ದೂ ಹೀಗೇ ಇತ್ತು” ಎಂದು ಬರೆದರು.

ಇದೇ ಹದ, ಇದೇ ಅಳತೆ ಎಲ್ಲ ಊರಿಗೂ ಹೊಂದುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಗಾಳಿಯೇ ತೊಯ್ದಿರುತ್ತದೆ. ಅಲ್ಲಿ ಒಂದೂವರೆ ಲೀಟರ್ ಸುರಿದು ಚಾವಣಿ ಮುಚ್ಚಿದರೆ ವಾರದಲ್ಲಿ ಕೊಳೆತು ಹುರುಪೆಗೆ ಕುತ್ತು ಬರುತ್ತದೆ. ಅಲ್ಲಿ ತಂತಿಬಲೆಯ ಮುಚ್ಚಳವೇ ಒಳ್ಳೆಯದು, ಹಾಸು ತೆಳುವಿರಲಿ. ನಮ್ಮ ಚಾಂಡ್ಲರ್‌ನಲ್ಲೂ ಜುಲೈ, ಆಗಸ್ಟ್‌ನ ಮಳೆಯ ದಿನಗಳಲ್ಲಿ ಲೆಕ್ಕ ಬೇರೆಯಾಗುತ್ತದೆ. ಬಣ್ಣದ ಕ್ಯಾಲ್ಸಿಯಂ ಮರಳು, ಅಕ್ರೋಟಿನ ಓಡಿನ ಚೂರು, ಹಸಿರು ಜಮಖಾನೆಯಂಥ ಹಾಸುಗಳನ್ನು ಮಾತ್ರ ಯಾವ ಊರಿನಲ್ಲೂ ಬಾಲ್ ಪೈಥಾನ್‌ಗೆ ಹಾಕಬೇಡಿ. ಮರಳು ಹೊಟ್ಟೆಗೆ ಹೋದರೆ ಗಟ್ಟಿಯಾಗಿ ಕರುಳು ಕಟ್ಟಬಹುದು, ಓಡಿನ ಅಂಚು ಚೂಪು, ಜಮಖಾನೆಯ ನೂಲಿನಲ್ಲಿ ಕೊಳೆ ಕೂತರೆ ತೊಳೆದರೂ ಹೋಗದು.

ಈ ವರ್ಷ ಜೂನ್ 6. ಹೊರಗೆ 43 ಡಿಗ್ರಿ, ಮನೆಯೊಳಗಿನ ತೇವಾಂಶ 17%. ಗೂಡಿನೊಳಗೆ 64. ಬಾಗಿಲು ಸರಿಸಿ, ಹಿಂಬದಿಯ ಎಡ ಮೂಲೆಯಲ್ಲಿ ಬೆರಳನ್ನು ಅಡಿಯವರೆಗೆ ಇಳಿಸಿದೆ. ಮೇಲಿನ ಎರಡು ಗೆಣ್ಣು ಒಣ, ತುದಿಗೆ ತಂಪು. ಗುಂಡನ ಕಣ್ಣು ನಿನ್ನೆಯಿಂದ ಹಾಲುನೀಲಿಯಾಗಿದೆ, ಇನ್ನೊಂದು ವಾರ ಅವನನ್ನು ಮುಟ್ಟುವುದಿಲ್ಲ. ಸಂಜೆ ಹೂಜಿ ತುಂಬಿಸಿಡಬೇಕು.